ಬಾಕಿ ತೀರಿಸಿದ್ದಾಯಿತು, ಸಿಬಿಲ್ ಮಾತ್ರ ಏಳುತ್ತಿಲ್ಲ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ನಡೆಸುತ್ತೇನೆ. 2021ರಲ್ಲಿ ಕಾಲೇಜು ಮುಚ್ಚಿ ವ್ಯಾಪಾರ ನಿಂತಾಗ ಪರ್ಸನಲ್ ಲೋನ್ ಕಂತು, ಕ್ರೆಡಿಟ್ ಕಾರ್ಡ್ ಬಿಲ್ ಎರಡೂ ನಿಂತುಹೋದವು. ಆಮೇಲೆ ಸುಧಾರಿಸಿಕೊಂಡು ಕಾರ್ಡಿನ 62,000 ರೂ. ಪೂರ್ತಿ ಕಟ್ಟಿದೆ. ಲೋನ್‌ನಲ್ಲಿ 1,40,000 ರೂ. ಬಾಕಿ ಇತ್ತು. ಬ್ಯಾಂಕಿನವರು 90,000ಕ್ಕೆ ಸೆಟಲ್ ಮಾಡಿಕೊಂಡರು. ಎಲ್ಲ ಮುಗಿದು ಏಳು ತಿಂಗಳಾಯಿತು. ಸಿಬಿಲ್ ಇನ್ನೂ 612ರಲ್ಲೇ ಇದೆ. ಸೈಟ್ ಇದೆ, ಮನೆ ಕಟ್ಟಲು 20 ಲಕ್ಷ ಕೇಳಿದರೆ ಮ್ಯಾನೇಜರ್ ಆಗಲ್ಲ ಅಂದರು. ಒಬ್ಬ ಏಜೆಂಟ್ 15,000 ಕೊಟ್ಟರೆ 45 ದಿನದಲ್ಲಿ 750 ಮಾಡಿಸಿಕೊಡುತ್ತಾನಂತೆ. ಇನ್ನೊಂದು ಸಣ್ಣ ಕಾರ್ಡ್ ಇದೆ, 30,000 ಲಿಮಿಟ್. ಸಹವಾಸವೇ ಬೇಡ ಎಂದು ಅದನ್ನೂ ಮುಚ್ಚಿಸೋಣ ಅಂತಿದ್ದೇನೆ. ಮಗಳು ಈಗ ಪ್ರಥಮ ಪಿಯುಸಿ, ಅವಳ ಓದಿಗೂ ಮುಂದೆ ಸಾಲ ಬೇಕಾಗಬಹುದು. ಸಾಲ ತೀರಿಸಿದವನಿಗೆ ಯಾಕೆ ಈ ಶಿಕ್ಷೆ?

ಉತ್ತರ: ಅವಸರದ ಎರಡು ಮಾತು ಮೊದಲು. ಏಜೆಂಟನಿಗೆ ಒಂದು ರೂಪಾಯಿ ಕೊಡಬೇಡಿ. ಸಣ್ಣ ಕಾರ್ಡ್ ಮುಚ್ಚಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಈ ವಾರ ಇವೆರಡನ್ನು ಮಾಡಿಬಿಟ್ಟರೆ ಮುಂದೆ ನಾನು ಹೇಳುವುದರಲ್ಲಿ ಅರ್ಧ ದಂಡವಾಗುತ್ತದೆ, ಅದಕ್ಕೇ ಮೊದಲು ಹೇಳಿದೆ.

ಇನ್ನು ನಿಮ್ಮ ಕೊನೆಯ ಸಾಲು. ಬ್ಯಾಂಕಿನ ಸಾಲ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತಿದ್ದವಳು ನಾನು. ಮೇಜಿನ ಆ ಕಡೆಯಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಉತ್ತರ ಸ್ವಲ್ಪ ಒರಟು. ಸಿಬಿಲ್ ವರದಿಯಲ್ಲಿರುವುದು ದುಡ್ಡಿನ ಲೆಕ್ಕಕ್ಕಿಂತ ಹೆಚ್ಚಾಗಿ ತಾರೀಖಿನ ಲೆಕ್ಕ. ಯಾವ ದಿನ ಕಟ್ಟಬೇಕಿತ್ತು, ಯಾವ ದಿನ ಕಟ್ಟಿದಿರಿ, ನಡುವೆ ಎಷ್ಟು ದಿನ ಕಳೆಯಿತು, ಇಷ್ಟನ್ನೇ ಅದು ತಿಂಗಳು ತಿಂಗಳು ಬರೆದಿಡುತ್ತದೆ. ನೀವು ದುಡ್ಡು ಕಟ್ಟಿದ ದಿನ ಬಾಕಿ ಸೊನ್ನೆಯಾಯಿತು. ಆದರೆ ಕಟ್ಟದೆ ಬಿಟ್ಟ ತಿಂಗಳುಗಳು ಎಲ್ಲಿಗೂ ಹೋಗಲಿಲ್ಲ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇದೇ ಕೆಲಸವನ್ನು ದಪ್ಪ ಲೆಡ್ಜರ್‌ನಲ್ಲಿ ಕೆಂಪು ಇಂಕಿನಲ್ಲಿ ಮಾಡುತ್ತಿದ್ದೆವು. ಸುಸ್ತಿ, ಅಂದರೆ ವಾಯಿದೆ ಮೀರಿದ ಬಾಕಿ, ತೀರಿದರೂ ಆ ಕೆಂಪು ಗೆರೆ ಯಾರೂ ಅಳಿಸುತ್ತಿರಲಿಲ್ಲ. ಒಂದೇ ವ್ಯತ್ಯಾಸ ಅಂದರೆ, ಆಗ ಆ ಲೆಡ್ಜರ್ ನಮ್ಮ ಶಾಖೆ ದಾಟಿ ಹೋಗುತ್ತಿರಲಿಲ್ಲ. ನಮ್ಮಲ್ಲಿ ಬಾಕಿ ಇಟ್ಟವರು ಪಕ್ಕದ ರಸ್ತೆಯ ಬ್ಯಾಂಕಿನಲ್ಲಿ ಮರ್ಯಾದಸ್ಥರೇ! ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಹಾಗೆ ಕೋಡಂಗಿಯಾಗಿ ಸಾಕಾದ ಮೇಲೆ 2000ದಲ್ಲಿ ಎಲ್ಲ ಬ್ಯಾಂಕುಗಳ ಸಾಲದ ದಾಖಲೆಯನ್ನು ಒಂದೆಡೆ ಇಡುವ ಸಿಬಿಲ್ ಕಂಪನಿ ಹುಟ್ಟಿತು. 2005ರಲ್ಲಿ ಅದಕ್ಕೊಂದು ಕಾನೂನೂ ಆಯಿತು. ಈಗ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಸಾಲ ಕೊಡುವ ಸಂಸ್ಥೆಗಳು ನಾಲ್ಕಕ್ಕೂ ಮಾಹಿತಿ ಕಳಿಸಬೇಕು. ನಾವು ರೂಢಿಯಲ್ಲಿ ಎಲ್ಲವನ್ನೂ ಸಿಬಿಲ್ ಅಂತಲೇ ಕರೆಯುತ್ತೇವೆ, ಯಾವ ಕಂಪನಿಯ ಪ್ರತಿಯನ್ನೂ ಜೆರಾಕ್ಸ್ ಅಂದ ಹಾಗೆ. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೀವು 612 ಅನ್ನುವ ಅಂಕಿಯನ್ನೇ ಹಿಡಿದು ಕೂತಿದ್ದೀರಿ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. 300ರಿಂದ 900ರ ನಡುವೆ ಎಲ್ಲಿದ್ದೀರಿ ಅನ್ನುವುದು ಕೊನೆಗೆ ಬರುವ ಉತ್ತರ. ಅದರ ಹಿಂದಿರುವ ವರದಿಯನ್ನು ಪೂರ್ತಿ ಓದಿದ್ದೀರಾ? ಬಹಳ ಜನ ಫೋನಿನ ಆ್ಯಪ್‌ನಲ್ಲಿ ಸ್ಕೋರ್ ಮಾತ್ರ ನೋಡಿ ಹೆದರುತ್ತಾರೆ ಅಥವಾ ಹಿಗ್ಗುತ್ತಾರೆ. ವರ್ಷಕ್ಕೊಂದು ಪೂರ್ತಿ ವರದಿಯನ್ನು ಈ ನಾಲ್ಕೂ ಕಂಪನಿಗಳು ಪುಕ್ಕಟೆ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ ವರ್ಷಕ್ಕೆ ನಾಲ್ಕು. ಈ ಸಲ ನಾಲ್ಕನ್ನೂ ಒಟ್ಟಿಗೆ ತೆಗೆಸಿ, ಏಕೆಂದರೆ ಒಂದರಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ತಪ್ಪಿರಬಹುದು. ಮುಂದಿನ ವರ್ಷದಿಂದ ಮೂರು ತಿಂಗಳಿಗೊಂದು ತೆಗೆಸಿದರೆ ವರ್ಷಪೂರ್ತಿ ಕಣ್ಣಿಟ್ಟಂತೆ ಆಗುತ್ತದೆ. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುತ್ತದೆ ಅನ್ನುವುದು ಸುಳ್ಳು. ಎಷ್ಟು ಸಲ ಬೇಕಾದರೂ ನೋಡಿ.

ಅಂಗಡಿಯಲ್ಲೇ ಪ್ರಿಂಟ್ ತೆಗೆದು ಪೆನ್ನು ಹಿಡಿದು ಕೂತುಕೊಳ್ಳಿ. ಪ್ರತಿ ಸಾಲಕ್ಕೂ ತಿಂಗಳುಗಳ ಒಂದು ಪಟ್ಟಿ ಇರುತ್ತದೆ, 36 ತಿಂಗಳವರೆಗಿನದು. ಒಂದೊಂದು ಮನೆಯಲ್ಲಿ ಒಂದೊಂದು ಅಂಕಿ. 000 ಇದ್ದರೆ ಆ ತಿಂಗಳು ತಡವಿಲ್ಲ. 030 ಇದ್ದರೆ ಮೂವತ್ತು ದಿನ ತಡ. 90 ದಿನ ದಾಟಿದರೆ ಬ್ಯಾಂಕಿನ ಲೆಕ್ಕದಲ್ಲಿ ಆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ನಿಮ್ಮದು ತಿಂಗಳುಗಟ್ಟಲೆ ನಿಂತದ್ದರಿಂದ ಅಲ್ಲಿಗೆ ಹೋಗಿರುವುದು ಖಂಡಿತ. ಈ ಪಟ್ಟಿಯ ಮೇಲೆ ಮೂರು ವಿಷಯ ಹುಡುಕಿ: ಈಗಿನ ಬಾಕಿ ಎಷ್ಟು ಎಂದಿದೆ, ಸುಸ್ತಿ ಮೊತ್ತ ಎಷ್ಟು ಎಂದಿದೆ, ಖಾತೆಯ ಸ್ಥಿತಿ ಏನೆಂದಿದೆ. ಮೊದಲೆರಡು ಸೊನ್ನೆ ಇರಬೇಕು. ಪೂರ್ತಿ ಕಟ್ಟಿದ ಕಾರ್ಡಿನ ಎದುರು ಇನ್ನೂ 62,000 ಬಾಕಿ ತೋರಿಸುತ್ತಿದ್ದರೆ ನನಗೇನೂ ಆಶ್ಚರ್ಯವಿಲ್ಲ. ನಿಮ್ಮ ಸ್ಕೋರ್ ಏಳು ತಿಂಗಳು ಕದಲದೆ ನಿಂತಿದೆ ಅನ್ನುವುದನ್ನು ನೋಡಿದರೆ ಇಂಥದ್ದೇನೋ ಇರಬಹುದು ಎಂದು ನನಗೆ ಅನುಮಾನ.

ಹಾಗೆ ತಪ್ಪಿದ್ದರೆ ಅದು ನಿಮ್ಮ ಅದೃಷ್ಟ ಅಂತಲೇ ತಿಳಿಯಿರಿ, ಬೇಗ ಸರಿಹೋಗುವುದು ಅದೊಂದೇ. ವರದಿ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲೇ ಡಿಸ್ಪ್ಯೂಟ್, ಅಂದರೆ ತಕರಾರು ಅರ್ಜಿ ಹಾಕಿ, ಅದಕ್ಕೆ ದುಡ್ಡಿಲ್ಲ. ಜೊತೆಗೆ ಬ್ಯಾಂಕಿಗೂ ಬರೆಯಿರಿ, ಕಟ್ಟಿದ ರಸೀದಿ ಮತ್ತು ಬಾಕಿ ಇಲ್ಲ ಎಂದು ಬ್ಯಾಂಕು ಕೊಡುವ ನೋ ಡ್ಯೂ ಪತ್ರ ಲಗತ್ತಿಸಿ. ಬರೀ ಕೌಂಟರಿನಲ್ಲಿ ಬಾಯಿಮಾತಿಗೆ ಹೇಳಿ ಬರಬೇಡಿ. ದೂರು ಕೊಟ್ಟ ದಿನದಿಂದ 30 ದಿನದೊಳಗೆ ಇತ್ಯರ್ಥವಾಗಬೇಕು. ಅದರಲ್ಲಿ ಬ್ಯಾಂಕು ತನ್ನ ಪಾಲಿನ ಕೆಲಸ ಮುಗಿಸಲು 21 ದಿನ. ಮೂವತ್ತು ದಾಟಿದರೆ ದಿನಕ್ಕೆ 100 ರೂ. ಪರಿಹಾರ ನಿಮಗೆ ಬರಬೇಕು. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ, ಆದರೆ ಕೇಳುವವರೇ ಕಡಿಮೆ. ಕೇಳಿ. 30 ದಿನವಾದರೂ ಉತ್ತರವಿಲ್ಲದಿದ್ದರೆ, ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಸಿಎಂಎಸ್ ಎಂಬ ದೂರಿನ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಸಹಾಯಕ್ಕೆ 14448 ನಂಬರ್ ಇದೆ. ಬ್ಯಾಂಕಿನ ಮೇಲಷ್ಟೇ ಅಲ್ಲ, 2022ರ ಸೆಪ್ಟೆಂಬರ್‌ನಿಂದ ಈ ನಾಲ್ಕು ಕಂಪನಿಗಳ ಮೇಲೂ ಅಲ್ಲಿ ದೂರು ಕೊಡಬಹುದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ತಪ್ಪು ಮಾಹಿತಿಯನ್ನು ತಿದ್ದಿಸಬಹುದು. ನಿಜವಾದ ಮಾಹಿತಿಯನ್ನು ಯಾರೂ ಅಳಿಸಲಾರರು. ಸಾಲ ಕೊಟ್ಟ ಸಂಸ್ಥೆ ಹೂಂ ಅನ್ನದೆ ಆ ಕಂಪನಿಗಳು ಒಂದಕ್ಷರ ಬದಲಿಸುವುದಿಲ್ಲ. ನಿಮ್ಮ ಏಜೆಂಟ್ ಮಾಡುವುದೂ ಇದೇ ಡಿಸ್ಪ್ಯೂಟ್ ಹಾಕುವ ಕೆಲಸವನ್ನೇ, ನಿಮ್ಮ ಹೆಸರಲ್ಲಿ, ನಿಜವಾದ ದಾಖಲೆಯ ಮೇಲೂ. ಬ್ಯಾಂಕು ಸರಿಯಾಗಿಯೇ ಇದೆ ಎಂದು ಬರೆದು ಕಳಿಸುತ್ತದೆ. ಅಷ್ಟು ಹೊತ್ತಿಗೆ 15,000 ಹೋಗಿರುತ್ತದೆ. ಅದಕ್ಕಿಂತ ಹೆದರಿಕೆಯ ವಿಷಯ ಅಂದರೆ, ಇಂಥವರು ಪಾನ್, ಆಧಾರ್, ಫೋನಿಗೆ ಬರುವ ಒಟಿಪಿ ಎಲ್ಲ ಕೇಳುತ್ತಾರೆ. ಅಷ್ಟು ಕೈಗೆ ಸಿಕ್ಕರೆ ನಿಮ್ಮ ಹೆಸರಲ್ಲೇ ಆ್ಯಪ್ ಸಾಲ ಎತ್ತಬಹುದು, ಅಲ್ವಾ?

ಈಗ ನಿಮ್ಮ ನಿಜವಾದ ತೊಡಕಿಗೆ ಬರೋಣ. ಅದು ಕಾರ್ಡ್ ಅಲ್ಲ, ಆ ಪರ್ಸನಲ್ ಲೋನ್. 1,40,000ಕ್ಕೆ 90,000 ಕೊಟ್ಟು ಮುಗಿಸಿದಾಗ ನೀವು ಸಾಲ ತೀರಿತು ಅಂದುಕೊಂಡಿರಿ. ಬ್ಯಾಂಕಿನವರೂ ಹಾಗೇ ಹೇಳಿ ಕಳಿಸಿರುತ್ತಾರೆ. ಆದರೆ ವರದಿಯಲ್ಲಿ ಆ ಖಾತೆಯ ಎದುರು 'ಕ್ಲೋಸ್ಡ್' ಎಂದು ಇರುವುದಿಲ್ಲ, 'ಸೆಟಲ್ಡ್' ಎಂದಿರುತ್ತದೆ. ಕೇಳಲು ಎರಡೂ ಒಳ್ಳೆಯ ಮಾತಿನ ಹಾಗೇ ಇವೆ. ಸಾಲ ಮಂಜೂರು ಮಾಡುವವರ ಕಣ್ಣಿಗೆ ಮಾತ್ರ ಎರಡಕ್ಕೂ ಅಜಗಜಾಂತರ. ಸೆಟಲ್ಡ್ ಅಂದರೆ, ಈ ಮನುಷ್ಯನ ಹತ್ತಿರ ನಾವು 50,000 ಕಳೆದುಕೊಂಡೆವು ಎಂದು ಒಂದು ಬ್ಯಾಂಕು ಇನ್ನೊಂದು ಬ್ಯಾಂಕಿಗೆ ಚೀಟಿ ಬರೆದಿಟ್ಟ ಹಾಗೆ. ನಿಮ್ಮ ಮ್ಯಾನೇಜರ್ 612 ನೋಡಿ ಇಲ್ಲ ಅಂದರೋ, ಈ ಒಂದು ಪದ ನೋಡಿ ಇಲ್ಲ ಅಂದರೋ ನಾನು ಹೇಳಲಾರೆ. ನಾನು ಆ ಕುರ್ಚಿಯಲ್ಲಿದ್ದಿದ್ದರೆ ಪದ ನೋಡಿಯೇ ಅನ್ನುತ್ತಿದ್ದೆ. ನಾವು ವರದಿ ಓದುವ ಕ್ರಮವೇ ಹಾಗೆ. ಸ್ಕೋರ್ ಮೇಲೆ ಒಮ್ಮೆ ಕಣ್ಣು ಹಾಯಿಸಿ, ಸೆಟಲ್ಡ್ ಅಥವಾ ರಿಟನ್ ಆಫ್ (ವಸೂಲಾಗದು ಎಂದು ಬ್ಯಾಂಕು ಲೆಕ್ಕದಿಂದ ತೆಗೆದ ಸಾಲ) ಎಲ್ಲಾದರೂ ಇದೆಯಾ ಎಂದು ನೋಡುತ್ತಿದ್ದೆವು. ಆಮೇಲೆ ಕೊನೆಯ ಹನ್ನೆರಡು ತಿಂಗಳು. ಆಮೇಲೆ ಇತ್ತೀಚೆಗೆ ಎಲ್ಲೆಲ್ಲಿ ಸಾಲ ಕೇಳಿದ್ದಾರೆ ಅನ್ನುವ ಪಟ್ಟಿ. 700 ಇದ್ದವರನ್ನು ವಾಪಸ್ ಕಳಿಸಿದ್ದೂ ಇದೆ, 680 ಇದ್ದವರಿಗೆ ಕೊಟ್ಟಿದ್ದೂ ಇದೆ.

ಈ ಪದವನ್ನು ಬದಲಿಸಲು ದಾರಿ ಇದೆ, ಆದರೆ ದುಡ್ಡಿನ ದಾರಿ. ಬಿಟ್ಟುಕೊಟ್ಟ 50,000ವನ್ನು ಈಗ ಕಟ್ಟುತ್ತೇನೆ, ಖಾತೆಯನ್ನು ಕ್ಲೋಸ್ಡ್ ಎಂದು ವರದಿ ಮಾಡಿ ಎಂದು ಬ್ಯಾಂಕಿಗೆ ಬರೆದು ಕೇಳಬೇಕು. ಬರೆದೇ ಕೇಳಿ. ಬರೆದೇ ಉತ್ತರ ತೆಗೆದುಕೊಳ್ಳಿ. ಇಷ್ಟು ಕಟ್ಟಿದರೆ ನೋ ಡ್ಯೂ ಪತ್ರ ಕೊಟ್ಟು ದಾಖಲೆ ತಿದ್ದುತ್ತೇವೆ ಎಂಬ ಪತ್ರ ಕೈಗೆ ಬರುವವರೆಗೆ ದುಡ್ಡು ಬಿಚ್ಚಬೇಡಿ. ಕಟ್ಟುವುದಾದರೂ ಸಾಲದ ಖಾತೆಗೇ ಕಟ್ಟಿ, ವಸೂಲಿಗೆ ಬರುವ ಹುಡುಗನ ಫೋನ್ ಪೇ ನಂಬರಿಗಲ್ಲ. ಶಾಖೆಯಲ್ಲಿ ಮೊದಲ ಸಲ ಹೋದಾಗ 'ಆ ಖಾತೆ ಸಿಸ್ಟಮ್‌ನಲ್ಲೇ ಇಲ್ಲ, ಮುಗಿದು ಹೋಗಿದೆ' ಎನ್ನುತ್ತಾರೆ. ಬೇಸರ ಮಾಡಿಕೊಳ್ಳದೆ ಬ್ಯಾಂಕಿನ ನೋಡಲ್ ಅಧಿಕಾರಿಗೆ ಬರೆಯಿರಿ, ಹೆಸರು ವೆಬ್‌ಸೈಟಿನಲ್ಲಿ ಇರುತ್ತದೆ. ಬ್ಯಾಂಕು ಆ ಸಾಲವನ್ನು, ಕೆಟ್ಟ ಸಾಲ ಕೊಂಡು ವಸೂಲಿ ಮಾಡುವ ಯಾವುದಾದರೂ ಆಸ್ತಿ ಪುನರ್‌ರಚನಾ ಕಂಪನಿಗೆ ಮಾರಿಬಿಟ್ಟಿದ್ದರೆ ಪತ್ರ ಆ ಕಂಪನಿಯಿಂದ ಬರಬೇಕು. ಅಂಥ ಕಡೆ ಒಂದೇ ಸಾಲ ವರದಿಯಲ್ಲಿ ಎರಡು ಹೆಸರಲ್ಲಿ ಕಾಣಿಸಿಕೊಳ್ಳುವುದೂ ಉಂಟು, ಅದನ್ನೂ ನೋಡಿಕೊಳ್ಳಿ.

50,000 ಕಟ್ಟುವುದು ಲಾಭವೋ ನಷ್ಟವೋ? ಐದಾರು ವರ್ಷ ಸಾಲದ ಗೊಡವೆಗೇ ಹೋಗದವರಿದ್ದರೆ ಸುಮ್ನೆ ಇರಿ ಅನ್ನುತ್ತಿದ್ದೆ. ನಿಮಗೆ ಹಾಗಲ್ಲ, 20 ಲಕ್ಷದ ಮನೆ ಸಾಲ ಬೇಕು. ಹಲವು ಬ್ಯಾಂಕುಗಳು ಈಗ ಸ್ಕೋರ್ ನೋಡಿಯೇ ಬಡ್ಡಿ ನಿಗದಿ ಮಾಡುತ್ತವೆ. ಒಬ್ಬರಿಗೆ 8.5 ಪರ್ಸೆಂಟ್, ಸ್ಕೋರ್ ಕಡಿಮೆ ಇರುವವರಿಗೆ 9.25 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. 20 ಲಕ್ಷಕ್ಕೆ 20 ವರ್ಷದ ಕಂತಿನಲ್ಲಿ ತಿಂಗಳಿಗೆ ಸುಮಾರು 960 ರೂ. ವ್ಯತ್ಯಾಸ. 240 ತಿಂಗಳಿಗೆ 2.3 ಲಕ್ಷ. ಇದು ಸಾಲ ಸಿಕ್ಕರೆ ಅನ್ನುವ ಮಾತು, ಸೆಟಲ್ಡ್ ಇಟ್ಟುಕೊಂಡು ಸಿಗುವುದೇ ಕಷ್ಟ. ಹಾಗಾಗಿ ಆರೆಂಟು ತಿಂಗಳು ಕೂಡಿಟ್ಟಾದರೂ ಕಟ್ಟಿ ಅನ್ನುವುದು ನನ್ನ ಸಲಹೆ. ಇನ್ನೊಂದು ಮಾತು: ಸೆಟಲ್ ಮಾಡಿಕೊಂಡ ಸಂಸ್ಥೆ ಅದೇ ಗ್ರಾಹಕರಿಗೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ ಎಂದು 2023ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ, ಕೃಷಿ ಸಾಲ ಬಿಟ್ಟು. ಅದೇ ಬ್ಯಾಂಕಿಗೆ ಈಗ ಎಡತಾಕಿ ಪ್ರಯೋಜನವಿಲ್ಲ.

ಪದ ಬದಲಾದ ಮರುದಿನ ಸ್ಕೋರ್ ಜಿಗಿಯುತ್ತದೆ ಅಂತ ಕಾಯಬೇಡಿ. ತಡವಾದ ತಿಂಗಳುಗಳು ಅಲ್ಲೇ ಇರುತ್ತವೆ. ಇಲ್ಲಿಯೇ ನಿಮ್ಮ ಆ ಸಣ್ಣ ಕಾರ್ಡ್ ಕೆಲಸಕ್ಕೆ ಬರುವುದು.

ಮುಚ್ಚಿದ ಖಾತೆಯಲ್ಲಿ ಹೊಸದಾಗಿ ಬರೆಯಲು ಏನೂ ಇರುವುದಿಲ್ಲ. ಅದರ 36 ತಿಂಗಳ ಪಟ್ಟಿ ಮುಚ್ಚಿದ ದಿನಕ್ಕೆ ಹೇಗಿತ್ತೋ ಹಾಗೇ ನಿಂತುಬಿಡುತ್ತದೆ. ದಾಖಲೆಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತಾರೆ. ಹಳೆಯದಾದಂತೆ ಅದರ ತೂಕ ಇಳಿಯುತ್ತದೆ ನಿಜ, ಆದರೆ ಪಕ್ಕದಲ್ಲಿ ಹೊಸ ಲೆಕ್ಕ ಬೆಳೆಯುತ್ತಿದ್ದರೆ ಮಾತ್ರ ನಿಮಗೆ ಅದರ ಉಪಯೋಗ. ನಡೆಯುತ್ತಿರುವ ಖಾತೆ ಬೇರೆ ಥರ. ಪ್ರತಿ ತಿಂಗಳು ಒಂದು ಹೊಸ ಮನೆ ಸೇರುತ್ತದೆ, ಹಿಂದಿನ ಒಂದು ಮನೆ ಪಟ್ಟಿಯಿಂದ ಆಚೆ ಹೋಗುತ್ತದೆ. ನಿಮ್ಮಲ್ಲಿ ಜೀವ ಇರುವ ಖಾತೆ ಅದೊಂದೇ. ಅದನ್ನೂ ಮುಚ್ಚಿದರೆ ನಿಮ್ಮ ವರದಿಯಲ್ಲಿ ಉಳಿಯುವುದು ಹಳೆಯ ಕೆಂಪು ಗೆರೆ ಮಾತ್ರ. ಇನ್ನು ಮೇಲೆ ಸಾಲವೇ ಬೇಡ ಎಂದು ಕೈ ತೊಳೆದುಕೊಂಡವರ ಸ್ಕೋರ್ ಏಳದಿರುವುದಕ್ಕೆ ಇದೇ ಕಾರಣ. ಹತ್ತು ವರ್ಷ ತಪ್ಪದೆ ಚೀಟಿ ಕಟ್ಟಿದ್ದೇನೆ, ಅಂಗಡಿ ಬಾಡಿಗೆ ಒಂದು ದಿನ ತಡ ಮಾಡಿಲ್ಲ ಎನ್ನುತ್ತಾರೆ ಪಾಪ. ಅದ್ಯಾವುದೂ ಈ ಪುಸ್ತಕಕ್ಕೆ ಬರುವುದಿಲ್ಲ.

ಕಾರ್ಡನ್ನು ಹೀಗೆ ಬಳಸಿ. ತಿಂಗಳಿಗೆ ಅಂಗಡಿಯ ಕರೆಂಟ್ ಬಿಲ್, ಪೇಪರ್ ರೀಮ್ ಇಷ್ಟಕ್ಕೆ ಮಾತ್ರ. ಲಿಮಿಟ್ಟಿನ 30 ಪರ್ಸೆಂಟ್ ಒಳಗಿರಲಿ ಅನ್ನುವುದು ರೂಢಿಯ ಲೆಕ್ಕ, ನಿಮಗೆ ಅದು 9,000 ರೂ. ನಾನಾದರೆ 5,000ಕ್ಕೆ ನಿಲ್ಲಿಸುತ್ತೇನೆ. ಬಿಲ್ ಬಂದ ಕೂಡಲೇ ಪೂರ್ತಿ ಕಟ್ಟಿ. ಕನಿಷ್ಠ ಮೊತ್ತ ಅಂತ ಒಂದು ಸಣ್ಣ ಅಂಕಿ ತೋರಿಸುತ್ತಾರಲ್ಲ, ಅದನ್ನು ಕಟ್ಟಿದರೆ ಸ್ಕೋರಿಗೇನೋ ತಡ ಅನ್ನಿಸುವುದಿಲ್ಲ, ಆದರೆ ಉಳಿದದ್ದಕ್ಕೆ ತಿಂಗಳಿಗೆ ಮೂರು, ಮೂರೂವರೆ ಪರ್ಸೆಂಟ್ ಬಡ್ಡಿ ಬೀಳುತ್ತದೆ. ನೀವು ಒಮ್ಮೆ ಬಿದ್ದ ಗುಂಡಿ ಅದೇ ಇರಬೇಕು. ದೊಡ್ಡ ಖರೀದಿ ಮಾಡಲೇಬೇಕಾಗಿ ಬಂದರೆ ಬಿಲ್ ತಯಾರಾಗುವ ಮೊದಲೇ ಒಂದಿಷ್ಟು ಕಟ್ಟಿಬಿಡಿ. ವರದಿ ಹೋಗುವ ದಿನ ಎಷ್ಟು ಬಾಕಿ ಇದೆಯೋ ಅದೇ ಅಲ್ಲಿ ಕಾಣುವುದು. 2025ರ ಜನವರಿಯಿಂದ ಬ್ಯಾಂಕುಗಳು ತಿಂಗಳಿಗೆ ಎರಡು ಸಲವಾದರೂ ಮಾಹಿತಿ ಕಳಿಸಬೇಕು, ಹಾಗಾಗಿ ಒಳ್ಳೆಯದೂ ಕೆಟ್ಟದ್ದೂ ಮೊದಲಿಗಿಂತ ಬೇಗ ಕಾಣುತ್ತದೆ.

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ರಿಟೈರ್ ಆದ ಮೇಲೆ ಒಂದು ಕಾರ್ಡನ್ನು ಬೀರುವಿನಲ್ಲಿಟ್ಟು ಮರೆತೆ. ಅದಕ್ಕೆ ವಾರ್ಷಿಕ ಶುಲ್ಕ 590 ರೂ. ಬಿತ್ತು. ಮೆಸೇಜ್ ಹೋಗುತ್ತಿದ್ದದ್ದು ನಾನು ಬಿಟ್ಟಿದ್ದ ಹಳೇ ನಂಬರಿಗೆ. ಮೂರು ತಿಂಗಳ ಮೇಲೆ ನೋಡಿದರೆ ಸ್ಕೋರ್ 60 ಪಾಯಿಂಟ್ ಕೆಳಗೆ! ಊರಿಗೆಲ್ಲ ಬುದ್ಧಿ ಹೇಳಿದವಳ ಹೆಸರಿನ ಎದುರು 590 ರೂಪಾಯಿಯ ಸುಸ್ತಿ. ಕಾರ್ಡ್ ಕಂಪನಿಗಳು ಕೊನೆಯ ದಿನ ದಾಟಿ ಮೂರು ದಿನದವರೆಗೆ ತಡ ಎಂದು ವರದಿ ಮಾಡುವಂತಿಲ್ಲ, ಆ ರಿಯಾಯಿತಿ ಇದೆ. ಮೂರು ತಿಂಗಳಿಗೆ ಯಾವ ರಿಯಾಯಿತಿಯೂ ಇಲ್ಲ. ನಿಮ್ಮ ಫೋನ್ ನಂಬರ್ ಬ್ಯಾಂಕಿನಲ್ಲಿ ಸರಿ ಇದೆಯಾ ಎಂದು ಇವತ್ತೇ ನೋಡಿ. ಆ ಕಾರ್ಡಿಗೆ ಆಟೋ ಪೇ ಹಾಕಿಸಿ, ಖಾತೆಯಲ್ಲಿ ಎರಡು ದಿನ ಮೊದಲೇ ದುಡ್ಡಿರಲಿ.

ಒಂದು ವೇಳೆ ಆ ಕಾರ್ಡನ್ನು ಬ್ಯಾಂಕೇ ನಿಲ್ಲಿಸಿದರೆ ಎಫ್‌ಡಿ ಮೇಲಿನ ಕಾರ್ಡ್ ಕೇಳಿ. 20–25 ಸಾವಿರ ಎಫ್‌ಡಿ ಇಟ್ಟರೆ ಅದರ ಬಹುಪಾಲಿನಷ್ಟು ಲಿಮಿಟ್ ಕೊಡುತ್ತಾರೆ, ಸ್ಕೋರ್ ಕಡಿಮೆ ಇದ್ದರೂ ತಕರಾರು ಜಾಸ್ತಿ ಇರುವುದಿಲ್ಲ. ಚಿನ್ನದ ಸಾಲವೂ ವರದಿಗೆ ಹೋಗುತ್ತದೆ. ಆದರೆ ಸ್ಕೋರ್ ಏರಿಸಲೆಂದೇ ಮನೆಯವರ ಸರ ಅಡ ಇಟ್ಟು ಬಡ್ಡಿ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಹೇಗೂ ಇಟ್ಟಿದ್ದರೆ ವಾಯಿದೆಯ ದಿನ ತಪ್ಪಿಸಬೇಡಿ, ಅಷ್ಟೇ.

ಈ ನಡುವೆ ಎಲ್ಲೂ ಸಾಲದ ಅರ್ಜಿ ಹಾಕಬೇಡಿ. ಒಂದು ಬ್ಯಾಂಕು ಇಲ್ಲ ಅಂದರೆ ಮನಸ್ಸು ಇನ್ನೊಂದಕ್ಕೆ ಓಡುತ್ತದೆ, ಗೊತ್ತು. ಪ್ರತಿ ಅರ್ಜಿಯೂ ವರದಿಯಲ್ಲಿ ಒಂದು ಸಾಲು. ಎರಡು ತಿಂಗಳಲ್ಲಿ ಐದು ಕಡೆ ಕೇಳಿದವರನ್ನು ನೋಡಿದರೆ, ಇವರಿಗೆ ಏನೋ ತೀರಾ ಮುಗ್ಗಟ್ಟು ಬಂದಿದೆ ಎಂದೇ ನಾವು ಓದುತ್ತಿದ್ದೆವು. ಫೋನಿನಲ್ಲಿ 'ಈಗ ಕೊಳ್ಳಿ, ಆಮೇಲೆ ಕೊಡಿ' ಎಂದು ಎರಡು ಸಾವಿರ ಕೊಡುವ ಆ್ಯಪ್‌ಗಳೂ ಸಾಮಾನ್ಯವಾಗಿ ಒಂದೊಂದು ಸಾಲವೇ. ಗೆಳೆಯರ ಸಾಲಕ್ಕೆ ಜಾಮೀನು ಹಾಕಬೇಡಿ. ಅವರು ತಪ್ಪಿದರೆ ಅದು ನಿಮ್ಮ ವರದಿಯಲ್ಲೂ ಕಾಣುತ್ತದೆ.

ಎಷ್ಟು ದಿನ ಬೇಕು? ಬಾಕಿ ತಪ್ಪಾಗಿ ತೋರಿಸುತ್ತಿದ್ದು ಅದು ಸರಿಯಾದರೆ ಒಂದೆರಡು ತಿಂಗಳಲ್ಲೇ ಸ್ವಲ್ಪ ಏರಿಕೆ ಕಾಣಬೇಕು. ಸೆಟಲ್ಡ್ ಹೋಗಿ ಕ್ಲೋಸ್ಡ್ ಬಂದು, ಅದರ ಮೇಲೆ ಹನ್ನೆರಡರಿಂದ ಹದಿನೆಂಟು ತಿಂಗಳು ಒಂದೂ ತಡವಿಲ್ಲದೆ ಕಳೆದರೆ ಮನೆ ಸಾಲ ಕೇಳಲು ಹೋಗಬಹುದು ಎನ್ನುವುದು ನನ್ನ ಅಂದಾಜು. 750 ಆಗಲಿ ಅಂತ ಕಾಯುವುದು ಬೇಡ, 700ರ ಮೇಲೆ ಹೋದರೆ ಸಾಕು, ಮಾತಾಡಬಹುದು. ಮನೆಯವರ ಹೆಸರಲ್ಲಿ ಕೇಳಿದರೆ ಆಗುತ್ತಾ ಎಂದು ನೀವು ಕೇಳಿಲ್ಲ, ಆದರೆ ಯೋಚಿಸಿರುತ್ತೀರಿ. ಅವರ ಸ್ಕೋರ್ ನಿಮ್ಮದಕ್ಕೆ ಅಂಟಿಕೊಂಡಿಲ್ಲ, ಬೇರೆಯೇ. ಅವರಿಗೆ ಸ್ವಂತ ಆದಾಯದ ದಾಖಲೆ ಇದ್ದರೆ ಅವರೊಬ್ಬರೇ ಕೇಳಬಹುದು. ಇಬ್ಬರೂ ಸೇರಿ ಕೇಳಿದರೆ ಇಬ್ಬರದ್ದೂ ನೋಡುತ್ತಾರೆ. ಹೋಗುವಾಗ ಎರಡು ವರ್ಷದ ಐಟಿ ರಿಟರ್ನ್ಸ್, ಕಾರ್ಡಿನ ನೋ ಡ್ಯೂ, ಲೋನಿನ ನೋ ಡ್ಯೂ ಫೈಲಿನಲ್ಲಿ ಮೇಲೇ ಇರಲಿ. 2021ರಲ್ಲಿ ಕಾಲೇಜು ಮುಚ್ಚಿತ್ತು ಎಂದು ಮ್ಯಾನೇಜರ್ ಕೇಳುವ ಮೊದಲೇ ಹೇಳಿ. ಮುಚ್ಚಿಟ್ಟು ಆಮೇಲೆ ವರದಿಯಲ್ಲಿ ಸಿಕ್ಕಿಬಿದ್ದವರಿಗಿಂತ ಮೊದಲೇ ಹೇಳಿದವರ ಅರ್ಜಿಯನ್ನು ನಾವು ಇನ್ನೊಂದು ಸಲ ತಿರುವಿ ನೋಡುತ್ತಿದ್ದೆವು.

ಮಗಳ ವಿಷಯ. ಓದಿನ ಸಾಲದಲ್ಲಿ ಸಾಮಾನ್ಯವಾಗಿ ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಹಾಕಬೇಕು. ಆಗ ಅವರ ವರದಿಯನ್ನೂ ತೆಗೆಸಿ ನೋಡುತ್ತಾರೆ. ಆ ಸಹಿಯನ್ನು ನಿಮ್ಮ ಬದಲು ಮನೆಯವರು ಹಾಕಬಹುದೇ ಎಂದು ಅರ್ಜಿ ಹಾಕುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಅವಳು ದ್ವಿತೀಯ ಪಿಯುಸಿ ಮುಗಿಸಲು ಇನ್ನೂ ಸಮಯವಿದೆ. ಇವತ್ತು ಲೋನ್ ಸೆಟಲ್ ಮಾಡಿಕೊಂಡ ಬ್ಯಾಂಕಿಗೆ ಪತ್ರ ಬರೆದು, ಕಾರ್ಡ್ ಬಿಲ್ ತಪ್ಪದೆ ಕಟ್ಟುತ್ತಾ ಹೋದರೆ ಅಷ್ಟರೊಳಗೆ ಸಣ್ಣ ಕಾರ್ಡಿನ ಪಟ್ಟಿಯಲ್ಲಿ ಹದಿನೈದಾದರೂ 000 ಸಾಲಾಗಿ ಕೂತಿರುತ್ತವೆ.